ನನ್ನ ಮುಖ ಮೂರನೇ ಕೌಂಟರಿನಲ್ಲಿ

ಸಂಯುಕ್ತ ಸೇವಾ ಕೇಂದ್ರಗಳ ಗಣಕ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಆರೋಗ್ಯ ಕಾರ್ಡಿನಲ್ಲಿರುವ ಗಡ್ಡ ನನ್ನದಲ್ಲ. ಅದು ಪುಂಜಾಲಕಟ್ಟೆಯ ಟೈಲರ್ ಹಸನಬ್ಬರದ್ದು. ಅವರ ಕಾರ್ಡಿನಲ್ಲಿ ಕನ್ನಡಕ ಏರಿಸಿ, ಮುತ್ತಿನ ಬೆಂಡೋಲೆ ಇಟ್ಟುಕೊಂಡು ನಗುತ್ತಿರುವವಳು ನಾನು. ಈ ಅದಲುಬದಲು ನಮ್ಮಿಬ್ಬರ ಇಷ್ಟದಿಂದ ಆದದ್ದಲ್ಲ, ತಮ್ಮ ವಿಭಾಗದ ಆಧುನೀಕರಣದಿಂದ ಆದದ್ದು. ತಿದ್ದಿಕೊಡಿ ಎಂದು ಊರೂರು ಅಲೆದು ಬೇಡಿಕೊಂಡರೂ ಆಗಲಿಲ್ಲ. ಆದ್ದರಿಂದ ಎಲ್ಲರಿಗೂ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಾನು ಅಳದಂಗಡಿಯವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಹಾಗಾಗಿ "ನಿಮಗೆ ಟೆಕ್ನಿಕಲ್ ವಿಷಯ ಅರ್ಥ ಆಗುವುದಿಲ್ಲಮ್ಮ" ಎಂಬ ವಾಕ್ಯವನ್ನು ತಮ್ಮ ಉತ್ತರದಿಂದ ಮೊದಲೇ ಹೊಡೆದುಹಾಕಬೇಕಾಗಿ ವಿನಂತಿ. ಆ ವಾಕ್ಯವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಕೇಳಿಯಾಗಿದೆ. ಹೇಳಿದವರಿಗೆ ವಿಷಯ ಅರ್ಥವಾಗಿತ್ತು ಎಂದು ನನಗೆ ಎಲ್ಲಿಯೂ ಅನ್ನಿಸಲಿಲ್ಲ.

ಪುಂಜಾಲಕಟ್ಟೆಯ ಕೇಂದ್ರದಲ್ಲಿ ಮೊದಲು ಒಂದು ಹಳೆಯ ಕಂಪ್ಯೂಟರ್ ಇತ್ತು. ನಿಧಾನ, ನಿಜ. ಫ್ಯಾನಿನ ಸದ್ದು ಅಕ್ಕಿ ಮಿಲ್ಲಿನಂತೆ. ಆದರೆ ಅದರ ಮುಂದೆ ಕೂತವನ ಮುಖ ಅವನ ಕಾರ್ಡಿನಲ್ಲೇ ಬರುತ್ತಿತ್ತು. ಅದನ್ನು ತಾವು ತೆಗೆಸಿದಿರಿ. ಬದಲಿಗೆ ನಾಲ್ಕು ಪರದೆ, ನಾಲ್ಕು ಕೀಬೋರ್ಡ್ ಬಂದವು. ಹೊರಗೆ "ನಿಮ್ಮ ಸೇವೆಗೆ ನಾಲ್ಕು ಗಣಕಯಂತ್ರ" ಎಂದು ಬ್ಯಾನರ್ ಕಟ್ಟಿದಿರಿ. ಆ ನಾಲ್ಕು ಗಣಕಗಳು ಎಲ್ಲಿವೆ ಎಂದು ಒಂದನೇ ಕೌಂಟರಿನ ಪ್ರಾಪ್ತಿಯನ್ನು ಕೇಳಿದೆ. ಪಾಪ, ಹುಡುಗಿ ಚೆನ್ನಾಗಿಯೇ ವಿವರಿಸಿದಳು. ಬಂಟ್ವಾಳದಲ್ಲಿ ಒಂದು ದೊಡ್ಡ ಯಂತ್ರ ಉಂಟಂತೆ. ಅದರ ಹೊಟ್ಟೆಯೊಳಗೆ ನಾಲ್ಕು ಕಂಪ್ಯೂಟರ್ ಇದ್ದ ಹಾಗೆ ನಡೆದುಕೊಳ್ಳುತ್ತದಂತೆ. ಹೆಸರು ವರ್ಚುವಲ್ ಮೆಷಿನ್. ಮುಟ್ಟಲು ಸಿಗುವುದಿಲ್ಲ, ಆದರೆ ಕೆಲಸ ಮಾಡುತ್ತದೆ. ಇದರಲ್ಲಿ ನನಗೆ ತಕರಾರಿಲ್ಲ. ಮುಟ್ಟಲು ಸಿಗದ ಎಷ್ಟೋ ಅಧಿಕಾರಿಗಳು ಕೆಲಸವನ್ನೂ ಮಾಡದೆ ಇರುವಾಗ ಇದು ಎಷ್ಟೋ ವಾಸಿ.

ತಕರಾರು ಇರುವುದು ಕ್ಯಾಮೆರಾದ ಬಗ್ಗೆ. ಗಣಕಗಳು ನಾಲ್ಕಾದವು, ಕ್ಯಾಮೆರಾ ಮಾತ್ರ ಒಂದೇ ಉಳಿಯಿತು. ಹೆಬ್ಬೆಟ್ಟು ಒತ್ತುವ ಯಂತ್ರವೂ ಒಂದೇ, ಪ್ರಿಂಟರೂ ಒಂದೇ. ಇವು ಒಂದು ಸಲಕ್ಕೆ ಒಂದೇ ಗಣಕದ ಮಾತು ಕೇಳುತ್ತವೆ. ಯಾವಾಗ ಯಾರ ಮಾತು ಕೇಳಬೇಕು ಎಂದು ಹೇಳುವ ಅಧಿಕಾರ ಪುಂಜಾಲಕಟ್ಟೆಯಲ್ಲಿ ಕೂತವರಿಗಿಲ್ಲ, ಬಂಟ್ವಾಳದ ತಮ್ಮ ಕಚೇರಿಗೆ ಇದೆ. ಎದುರಿಗಿರುವ ಕ್ಯಾಮೆರಾವನ್ನು ಪಡೆಯಲು ಪ್ರಾಪ್ತಿ ಬಂಟ್ವಾಳಕ್ಕೆ ಫೋನ್ ಮಾಡಬೇಕು. ಒಂದೇ ಸೌಟನ್ನು ನಾಲ್ಕು ಒಲೆಗೆ ಇಟ್ಟು, ಆ ಸೌಟನ್ನು ಪಕ್ಕದ ಊರಿನಿಂದ ಆಡಿಸುವ ಅಡುಗೆಮನೆಯನ್ನು ತಾವು ಎಲ್ಲಾದರೂ ಕಂಡದ್ದುಂಟೇ?

ಆ ದಿನ ನಡೆದದ್ದು ಹೀಗೆ. ನಾನು ಪ್ರಾಪ್ತಿಯ ಮುಂದೆ ಕೂತಿದ್ದೆ. ಮೂರನೇ ಕೌಂಟರಿನಲ್ಲಿ ಅಂಕಿತ್ ಎಂಬ ತರುಣನ ಮುಂದೆ ಹಸನಬ್ಬರು ಕೂತಿದ್ದರು. ನಮಗೆ ಅದುವರೆಗೆ ಪರಿಚಯವಿರಲಿಲ್ಲ. ಇಬ್ಬರೂ ಹಿರಿಯ ನಾಗರಿಕರ ಆರೋಗ್ಯ ಕಾರ್ಡಿಗೆ ಬಂದವರು.

"ಅಂಕಿತ್, ಕ್ಯಾಮೆರಾ ಬಿಡು ಮಾರಾಯ" ಎಂದಳು ಪ್ರಾಪ್ತಿ.

"ನಾನು ಬಿಟ್ಟಿದ್ದೇನೆ. ಬಂಟ್ವಾಳದವರು ಕೊಡ್ಬೇಕು."

ಅವಳು ಫೋನ್ ಮಾಡಿ ಒಂದನೇ ಕೌಂಟರಿಗೆ ಕ್ಯಾಮೆರಾ ಕೇಳಿದಳು. ಕೊಟ್ಟಿದ್ದೇವೆ ಎಂದರು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ನಾನು ನಕ್ಕೆ. ಅವಳ ಪರದೆಗೆ ಏನೂ ಬರಲಿಲ್ಲ, ಏಕೆಂದರೆ ಬಂಟ್ವಾಳದವರು ಕ್ಯಾಮೆರಾ ಕೊಟ್ಟದ್ದು ಮೂರನೇ ಕೌಂಟರಿಗೆ. ಅಲ್ಲಿ ಹಸನಬ್ಬರ ಅರ್ಜಿ ತೆರೆದಿತ್ತು, ನನ್ನ ನಗು ಅದರಲ್ಲಿ ಹೋಗಿ ಕೂತಿತು. ಅದನ್ನು ಯಾರಾದರೂ ನೋಡುವ ಮೊದಲೇ ನಾಲ್ಕೂ ಪರದೆ ಕಪ್ಪಾದವು. ಪುನಃ ಫೋನ್. ಬಂಟ್ವಾಳದ ಯಂತ್ರಕ್ಕೆ ಕೆಲಸದ ಹೊರೆ ಜಾಸ್ತಿಯಾಗಿ ಒಂದನೇ ಮತ್ತು ಮೂರನೇ ಗಣಕವನ್ನು ಮೂಡುಬಿದಿರೆಯ ಯಂತ್ರಕ್ಕೆ ದಾಟಿಸುತ್ತಿದ್ದಾರಂತೆ, ನಡೆಯುತ್ತಿರುವ ಕೆಲಸದ ಸಮೇತ. "ಏನೂ ಮುಟ್ಬೇಡಿ, ತೆಗೆಯುವ ಫೋಟೊ ತೆಗೀತಾ ಇರಿ, ಅದೇ ಸೇವ್ ಆಗ್ತದೆ" ಎಂದು ಅಪ್ಪಣೆಯಾಯಿತು. ಹಸನಬ್ಬರು ಸ್ಟೂಲಿನ ಮೇಲೆ ಕೂತರು. ಅಷ್ಟರಲ್ಲಿ ತಮ್ಮವರಿಗೆ ಮೊದಲ ಫೋನಿನ ನೆನಪಾಗಿ ಕ್ಯಾಮೆರಾವನ್ನು ಒಂದನೇ ಕೌಂಟರಿಗೆ ಕೊಟ್ಟರು. ಅಲ್ಲಿ ನನ್ನ ಅರ್ಜಿ ತೆರೆದಿತ್ತು. ಪರದೆಗಳಿಗೆ ಜೀವ ಬಂದಾಗ ಹಸಿರು ಗುರುತಿನ ಜೊತೆಗೆ "ಯಶಸ್ವಿ" ಎಂದಷ್ಟೇ ಇತ್ತು.

ಗಣಕ ಮೂಡುಬಿದಿರೆಗೆ ಹೋದ ಮೇಲೆ ಅದರ ಪ್ರಿಂಟರೂ ಅಲ್ಲಿಯದೇ ಆಯಿತು. ಪುಂಜಾಲಕಟ್ಟೆಯಲ್ಲಿ ಕೊಟ್ಟ ಅರ್ಜಿಯ ಕಾರ್ಡು ಅಲ್ಲಿ ಅಚ್ಚಾಯಿತು. ಸೇವೆ ಮನೆಬಾಗಿಲಿಗೆ ಎಂದು ತಾವು ಹೇಳಿದ್ದಿರಿ. ಯಾರ ಮನೆ ಎಂದು ಹೇಳಿರಲಿಲ್ಲ.

ಮೂಡುಬಿದಿರೆಯ ಕಿಟಕಿಯಲ್ಲಿ ಹಸನಬ್ಬರು ನನ್ನ ಮುಂದೆ ನಿಂತಿದ್ದರು. ಒಳಗಿದ್ದವರು ಅವರ ಹೆಸರು ಕರೆದು, ಕಾರ್ಡು ನೋಡಿ, ತಲೆಯೆತ್ತಿ, ಅವರನ್ನು ದಾಟಿ ನನ್ನ ಕೈಗೆ ಕೊಟ್ಟರು. ನಾನು ಅದನ್ನು ಹಸನಬ್ಬರಿಗೆ ಕೊಟ್ಟೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಾರ್ಡನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಫೋಟೊ ಅಡ್ಡಿಯಿಲ್ಲ" ಎಂದರು. "ಸ್ವಲ್ಪ ಬೆಳ್ಳಗೆ ಬಂದಿದ್ದೇನೆ."

"ಅದು ನಾನು" ಎಂದೆ.

ಅವರು ಕಾರ್ಡನ್ನೂ ನನ್ನ ಕಡೆಯನ್ನೂ ನೋಡಿ, "ಹಾಗಾದ್ರೆ ನಾನು ಎಲ್ಲಿ ಉಂಟು, ಟೀಚರೇ?" ಎಂದು ಕೇಳಿದರು. ಅಷ್ಟರಲ್ಲಿ ಕೈಗೆ ಬಂದಿದ್ದ ನನ್ನ ಕಾರ್ಡು ತೋರಿಸಿದೆ. (ನಾವು ಮಾತಾಡಿದ್ದು ತುಳುವಿನಲ್ಲಿ. ತಮ್ಮ ಕಡತಕ್ಕೆ ಅನುಕೂಲವಾಗಲಿ ಎಂದು ಕನ್ನಡಕ್ಕೆ ತಂದಿದ್ದೇನೆ.)

ನನಗೆ ಆಗ ನಗು ಬಂದಿತ್ತು. ಅವರಿಗೆ ಬರಲಿಲ್ಲ. ಕಣ್ಣಿನ ಆಪರೇಷನ್ನಿಗೆ ಅಲ್ಲೇ ಒಂದು ಆಸ್ಪತ್ರೆಯಲ್ಲಿ ದಿನ ಗೊತ್ತಾಗಿತ್ತು, ಕಾರ್ಡು ಅದಕ್ಕೇ ಬೇಕಿತ್ತು. "ಸೂಜಿಗೆ ನೂಲು ಹಾಕ್ಲಿಕ್ಕೆ ಪಕ್ಕದ ಅಂಗಡಿಯವರನ್ನು ಕರೀತೇನೆ" ಎಂದರು ಮೆಲ್ಲಗೆ. "ಮೊನ್ನೆ ಒಬ್ಬರ ಅಂಗಿಗೆ ಕಿಸೆ ಒಳಗಿಂದ ಹೊಲಿದಿದ್ದೇನೆ. ಅವರು ಏನೂ ಹೇಳ್ಲಿಲ್ಲ. ಹೇಳಿದ್ರೆ ಒಳ್ಳೆದಿತ್ತು." ಆ ಮಾತಿನ ನಂತರ ಅವರನ್ನು ಒಬ್ಬರೇ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.

ತಿದ್ದುಪಡಿ ಬೆಳ್ತಂಗಡಿಯಲ್ಲಿ ಎಂದರು, ಹೋದೆವು. ಅಲ್ಲಿದ್ದವರು ಬಹಳ ಸಭ್ಯರು. ಫೋಟೊ ತೆಗೆದ ಗಣಕದಲ್ಲಿಯೇ ತಪ್ಪನ್ನು ತಿದ್ದಬೇಕು, ಅದು ನಿಯಮ ಎಂದರು. ಹಾಗಾದರೆ ತಿದ್ದಿ ಎಂದೆ.

"ಆ ಕಂಪ್ಯೂಟರ್ ಈಗ ಇಲ್ಲ ಮೇಡಂ. ಅಳಿಸಿದ್ದಾರೆ."

"ಪುಂಜಾಲಕಟ್ಟೆಯಲ್ಲಿ ಮೂರನೇ ಕೌಂಟರ್ ಈಗಲೂ ಉಂಟಲ್ಲ?"

"ಅದು ಹೊಸದು. ಹೆಸರು ಮಾತ್ರ ಅದೇ."

ಮಾನ್ಯರೇ, ತಪ್ಪು ಮಾಡಿದ ಗುಮಾಸ್ತನನ್ನು ವರ್ಗ ಮಾಡುವುದನ್ನು ನಾನು ಕಂಡಿದ್ದೇನೆ. ತಪ್ಪು ಮಾಡಿದ ಗುಮಾಸ್ತನನ್ನು ಅಳಿಸಿ, ಅದೇ ಹೆಸರಿನ ಇನ್ನೊಬ್ಬನನ್ನು ಅದೇ ಕುರ್ಚಿಯಲ್ಲಿ ಕೂರಿಸಿ, "ಇವರಿಗೆ ಏನೂ ಗೊತ್ತಿಲ್ಲ" ಎಂದು ಹೇಳುವ ಸೌಲಭ್ಯ ಸರಕಾರಕ್ಕೆ ಇಷ್ಟು ಕಾಲ ಇರಲಿಲ್ಲ. ಆಡಳಿತದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ಆಗಿದೆಯೇ?

ಕೊನೆಗೆ ಬಂಟ್ವಾಳಕ್ಕೆ, ತಮ್ಮ ಬಳಿಗೇ ಬಂದೆವು. ತಮಗೆ ನೆನಪಿರಬಹುದು. ಹಸನಬ್ಬರಿಗೆ ಕುರ್ಚಿ ಕೊಡಿಸಿದಿರಿ, ಚಹಾ ತರಿಸಿದಿರಿ, ಅದಕ್ಕೆ ಕೃತಜ್ಞತೆ. ಆಮೇಲೆ ಗೋಡೆಯ ದೊಡ್ಡ ಪರದೆಯನ್ನು ನಮಗೆ ತೋರಿಸಿದಿರಿ. ಮೂರೂ ತಾಲೂಕುಗಳ ಎಲ್ಲ ಗಣಕಗಳೂ ಅದರಲ್ಲಿ ಸಾಲಾಗಿದ್ದವು. ಯಾವುದಕ್ಕೆ ಎಷ್ಟು ಹೊರೆ, ಯಾವ ಸಾಧನ ಯಾರ ಬಳಿ, ಎಲ್ಲವೂ ಕೂತಲ್ಲೇ ಗೊತ್ತಾಗುತ್ತದೆ ಎಂದು ಹೆಮ್ಮೆಯಿಂದ ವಿವರಿಸಿದಿರಿ. "ನೋಡಿ, ಎಲ್ಲವೂ ಹಸಿರು ಇದೆ. ಸಮಸ್ಯೆ ಎಲ್ಲೂ ಇಲ್ಲ" ಎಂದಿರಿ.

ಹಸನಬ್ಬರು ಪರದೆಯ ಕಡೆಗೆ ಮುಖ ಮಾಡಿ, "ಸರ್, ಹಸಿರು ಯಾವ ಬದಿಯಲ್ಲಿ ಉಂಟು?" ಎಂದು ಕೇಳಿದರು.

ತಾವು, ದೂರು ದಾಖಲಿಸಿ ಬನ್ನಿ, ವಿಚಾರಿಸುವ ಎಂದಿರಿ. ಆಪರೇಷನ್ನಿನ ದಿನದವರೆಗೂ ವಿಚಾರಣೆ ಮುಗಿಯಲಿಲ್ಲ. ದಿನ ತಪ್ಪಿಸಿಕೊಂಡರೆ ಪುನಃ ಯಾವಾಗ ಸಿಗುತ್ತದೋ ಗೊತ್ತಿಲ್ಲ ಎಂದು ಹಸನಬ್ಬರಿಗೆ ಹೆದರಿಕೆ. ಅವರ ಹೆಂಡತಿ ತೀರಿಹೋಗಿದ್ದಾರೆ, ಮಗಳು ಬಾಣಂತಿ. ನಾನೇ ಜೊತೆಗೆ ಹೊರಟೆ. ಕಾರ್ಡಿನಲ್ಲಿರುವ ಮುಖವಾದರೂ ಹಾಜರಿರಲಿ ಎಂಬ ಲೆಕ್ಕಾಚಾರವೂ ಇತ್ತು.

ಆಸ್ಪತ್ರೆಯ ಕೌಂಟರಿನ ಹುಡುಗಿ ಕಾರ್ಡು ನೋಡಿ, "ಫೋಟೊದಲ್ಲಿ ಇರುವವರು ಬರ್ಬೇಕು" ಎಂದಳು.

"ಬಂದಿದ್ದೇನೆ."

"ನಿಮ್ಮ ಹೆಸರು ಹಸನಬ್ಬ ಅಂತವಾ?"

"ಅಲ್ಲ, ಅವರದ್ದು."

"ಆಪರೇಷನ್ ಯಾರಿಗೆ?"

"ಅವರಿಗೆ. ಹೆಸರೂ ಅವರದ್ದೇ, ಕಣ್ಣೂ ಅವರದ್ದೇ. ಮುಖ ಮಾತ್ರ ನನ್ನದು."

ಹುಡುಗಿ ಪೆನ್ನು ಕೆಳಗಿಟ್ಟಳು. ಹಿಂದಿದ್ದವರು ತಕರಾರು ತೆಗೆದರು. ಹಸನಬ್ಬರು ನನ್ನ ಸೆರಗಿನ ಕಡೆಗೆ ಬಗ್ಗಿ, "ಹೋಗುವ ಟೀಚರೇ, ಜನ ನೋಡ್ತಾರೆ" ಎಂದರು. ಮೂವತ್ತು ವರ್ಷ ಮಕ್ಕಳೆದುರು ಏರಿಸದ ದನಿಯನ್ನು ನಾನು ಅಲ್ಲಿ ಏರಿಸಿದೆ. ಅದನ್ನು ಕೇಳಿ ಕಣ್ಣಿನ ಡಾಕ್ಟರ್ ಸಾತ್ವಿಕಾ ಹೊರಗೆ ಬಂದರು. ನಿಂತಲ್ಲೇ ಪೂರ್ತಿ ಕಥೆ ಕೇಳಿದರು. ಮೂರನೇ ಕೌಂಟರನ್ನು ಅಳಿಸಿದ ಭಾಗ ಬಂದಾಗ ಅವರು ಗೋಡೆಗೆ ತಿರುಗಿ ನಿಂತದ್ದು ನಗು ತಡೆಯಲು ಎಂದು ನನ್ನ ಊಹೆ.

"ಹೆಬ್ಬೆಟ್ಟು ಯಾರದ್ದು ಉಂಟು, ನೋಡುವ" ಎಂದರು.

ಅಲ್ಲಿ ಒಂದು ಮೇಜು, ಮೇಜಿನ ಮೇಲೆ ಒಂದು ಕಂಪ್ಯೂಟರ್, ಅದಕ್ಕೆ ವೈರಿನಿಂದ ಕಟ್ಟಿದ ಅದರದೇ ಹೆಬ್ಬೆಟ್ಟಿನ ಯಂತ್ರ ಇತ್ತು. ಹಸನಬ್ಬರು ಒತ್ತಿದರು. ಹೊಂದಿತು. ಅದು ಹಳೆಯ ಕಂಪ್ಯೂಟರಿನ ಕಾಲದ ದಾಖಲೆಯಲ್ಲಿದ್ದ ಹೆಬ್ಬೆಟ್ಟು, ತಮ್ಮ ನಾಲ್ಕು ಗಣಕಗಳ ಕೈಗೆ ಸಿಕ್ಕಿರಲಿಲ್ಲ. "ನನಗೆ ಇಷ್ಟು ಸಾಕು. ಫೋಟೊದ ವಿಷಯ ಯಾರಾದ್ರೂ ಕೇಳಿದ್ರೆ ನಾನು ಹೇಳ್ತೇನೆ" ಎಂದು ಡಾಕ್ಟರ್ ತಾವೇ ಬರೆದು ಸಹಿ ಹಾಕಿದರು. ರೋಗಿಯ ಜೊತೆ ಬಂದವರು ಯಾರು, ಸಂಬಂಧ ಏನು ಎಂದು ಹುಡುಗಿ ಕೇಳಿದಳು. ಏನು ಹೇಳಲಿ? "ಅವರ ಫೋಟೊ" ಎಂದೆ. ಅವಳು ಹಾಗೆಯೇ ಬರೆದುಕೊಂಡಳು.

ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಕಟ್ಟು ಬಿಚ್ಚಿದ ದಿನ ನಾನೂ ಹೋಗಿದ್ದೆ. ಹಸನಬ್ಬರು ಮೊದಲು ತಮ್ಮ ಕೈಬೆರಳುಗಳನ್ನು ನೋಡಿಕೊಂಡರು, ಆಮೇಲೆ ಕಿಟಕಿ, ಆಮೇಲೆ ಕಿಸೆಯಿಂದ ಕಾರ್ಡು ತೆಗೆದರು. ತುಂಬ ಹೊತ್ತು ನೋಡಿದರು.

"ಇದನ್ನು ಹಿಡ್ಕೊಂಡು ನಾನು ಮೂರು ಊರು ತಿರುಗಿದ್ದೇನಾ?" ಎಂದರು. ಅಲ್ಲಿಯವರೆಗೆ ಬಾರದಿದ್ದ ನಗು ಅವರಿಗೆ ಆಗ ಬಂತು. ಕಣ್ಣಿಗೆ ಆಯಾಸ ಮಾಡಬೇಡಿ ಎಂದು ನರ್ಸ್ ಬೈಯುವವರೆಗೂ ನಿಲ್ಲಲಿಲ್ಲ.

ಇಷ್ಟನ್ನೂ ಬರೆದದ್ದು ತಮ್ಮ ಯಂತ್ರವನ್ನು ಹಳಿಯಲು ಅಲ್ಲ. ಒಂದು ಯಂತ್ರದೊಳಗೆ ನಾಲ್ಕನ್ನು ಇರಿಸುವುದು ಜಾಣತನವೇ, ಒಪ್ಪುತ್ತೇನೆ. ಆದರೆ ನಾಲ್ಕು ಕೌಂಟರಿಗೆ ನಾಲ್ಕು ಕ್ಯಾಮೆರಾ ಕೊಡುವುದಕ್ಕೆ ಯಾವ ಜಾಣತನ ಬೇಕು? ಪ್ರತಿ ಗಣಕಕ್ಕೂ ಅದರದೇ ಸಾಧನಗಳನ್ನು ಗಟ್ಟಿಯಾಗಿ ಕಟ್ಟಿಕೊಡಿ. ಅದು ಆಗುವವರೆಗೆ ಕ್ಯಾಮೆರಾ ಯಾರಿಗೆ ಎಂದು ನಿರ್ಧರಿಸುವ ಅಧಿಕಾರವನ್ನು ಅದರ ಎದುರು ಕೂತ ಪ್ರಾಪ್ತಿಗೂ ಅಂಕಿತನಿಗೂ ಬಿಡಿ. ಗಣಕವನ್ನು ಒಂದು ಊರಿಂದ ಇನ್ನೊಂದಕ್ಕೆ ದಾಟಿಸುವ ಮೊದಲು ಅದರ ಮುಂದೆ ಮನುಷ್ಯರು ಯಾರಾದರೂ ಕೂತಿದ್ದಾರೆಯೇ ಎಂದು ಒಂದು ಮಾತು ಕೇಳಿಸಿ. ದೂರು ಬಾಕಿಯಿರುವ ಗಣಕವನ್ನು ಅಳಿಸಬೇಡಿ, ಅಳಿಸಲೇಬೇಕಿದ್ದರೆ ಅದರ ತಪ್ಪುಗಳಿಗೆ ವಾರಸುದಾರರು ಯಾರೆಂದು ಹೇಳಿ.

ನನ್ನ ಕಾರ್ಡು ಇನ್ನೂ ಹಾಗೆಯೇ ಇದೆ. ಮಳೆಗಾಲಕ್ಕೆ ಮೊದಲು ನನ್ನ ಮೊಣಕಾಲಿನ ಆಪರೇಷನ್ ಆಗಬೇಕು. ಬರುತ್ತೇನೆ ಎಂದು ಹಸನಬ್ಬರು ತಾವಾಗಿಯೇ ಹೇಳಿದ್ದಾರೆ. ಆದರೆ ಈಗ ಅವರ ಅಂಗಡಿಯಲ್ಲಿ ಶಾಲೆಯ ಸಮವಸ್ತ್ರಗಳ ರಾಶಿ ಬಿದ್ದಿದೆ, ನೂಲು ಹಾಕಿಕೊಳ್ಳಲು ಯಾರನ್ನೂ ಕರೆಯುವುದಿಲ್ಲ. ಅಂಥ ಮನುಷ್ಯನನ್ನು ನನ್ನ ಮೊಣಕಾಲಿಗೋಸ್ಕರ ಆಸ್ಪತ್ರೆಯ ಬೆಂಚಿನಲ್ಲಿ ಕೂರಿಸಲು ನಾನು ತಯಾರಿಲ್ಲ. ಈ ತಿಂಗಳೊಳಗೆ ಸರಿಯಾದ ಕಾರ್ಡು ಕೊಡಿ. ಇಲ್ಲವಾದರೆ ಬಂಟ್ವಾಳಕ್ಕೆ ಬಂದು ತಮ್ಮ ಕಚೇರಿಯ ಬಾಗಿಲಲ್ಲಿ ಕೂರುತ್ತೇನೆ, ಎದ್ದು ಹೋಗಿ ಎಂದರೆ ಏಳಲು ಈ ಮೊಣಕಾಲಿಗೆ ಆಗುವುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಇಂತಿ,
ಸದ್ಯಕ್ಕೆ ಸಹಿಯೊಂದನ್ನು ಮಾತ್ರ ಸ್ವಂತದ್ದೆಂದು ಹೇಳಿಕೊಳ್ಳಬಲ್ಲ
ರಾಜಮತಿ
ನಿವೃತ್ತ ವಿಜ್ಞಾನ ಶಿಕ್ಷಕಿ, ಅಳದಂಗಡಿ