ಅಕ್ಕನ ಮೊದಲ ಶಬ್ದ

ಮಾರ್ಚ್ 3, ಸೋಮವಾರ
ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ಗೆ ಬೀಗ ಹಾಕಿ ಮತ್ತೆ ಅಕ್ಕನ ಊರು ಖಾನಾಪುರದ ಬಸ್ಸು. ಹತ್ತನೇ ತಾರೀಖಿಗೆ ಅಕ್ಕನ ಗಂಟಲ ಆಪರೇಷನ್. ಆಮೇಲೆ ದನಿ ಇರುವುದಿಲ್ಲ. ಅದಕ್ಕೇ ಆಕೆಯ ಮಾತುಗಳನ್ನು ಲ್ಯಾಪ್‌ಟಾಪಿಗೆ ತುಂಬುತ್ತಿದ್ದೇವೆ. ಬೇಕಾದ ವಾಕ್ಯ ಒತ್ತಿದರೆ ಅವಳದೇ ದನಿ. ಇಂದಿಗೆ ಅರವತ್ತು ವಾಕ್ಯ.
ಕೇಳಿಸಿದರೆ — ಮೊದಲ ಶಬ್ದವೇ ಇಲ್ಲ! ‘ಉಸಿರು ಕಟ್ಟಾಕತ್ತೈತಿ’ ಅನ್ನುವುದು ಬರೀ ‘ಕಟ್ಟಾಕತ್ತೈತಿ’.
“ಅಕ್ಕಾ, ಮೊದಲನೇದು ಜೋರ ಹೇಳು. ನುಂಗಾಕತ್ತಿ.”
“ಮೂವತ್ತು ವರ್ಷ ಸಾಲಿ ಕಲಿಸೀನಿ. ನನಗ ಉಚ್ಚಾರ ಹೇಳಿಕೊಡಾಕ ಬಂದಿಯೇನವಾ ಪೂರ್ಣಿ?”
ಆದರೂ ಹೇಳಿದಳು. ನಾಲ್ಕು ಸಲ, ಬಿಸಿನೀರು ಕುಡಿದು ಕುಡಿದು. ಕೊನೆಗೆ ರೇಗಿಬಿಟ್ಟೆ.

ಮಾರ್ಚ್ 11
ನಿನ್ನೆ ಆಪರೇಷನ್ ಆಯಿತು. ಆಸ್ಪತ್ರೆಯಲ್ಲಿ ಕವಿತೆಯ ಪುಸ್ತಕ ತೆರೆದು ಕೂತೆ. ಒಂದು ಸಾಲೂ ಒಳಗಿಳಿಯಲಿಲ್ಲ.

ಮಾರ್ಚ್ 14, ಸಂಜೆ
ಅದೇ ಫೈಲ್, ಲ್ಯಾಬಿನ ಕಂಪ್ಯೂಟರ್‌ನಲ್ಲಿ. ‘ಉಸಿರು’ ಇದೆ. ಮೊದಲ ಸಲದ್ದರಲ್ಲೇ, ಸ್ಪಷ್ಟವಾಗಿ.
ನುಂಗಿದ್ದು ಅಕ್ಕ ಅಲ್ಲ. ಹತ್ತು ಸೆಕೆಂಡ್ ಸದ್ದಿಲ್ಲದಿದ್ದರೆ ಅಕ್ಕನ ಲ್ಯಾಪ್‌ಟಾಪಿನ ಡ್ರೈವರ್, ಅಂದರೆ ಸದ್ದು ನೋಡಿಕೊಳ್ಳುವ ಪ್ರೋಗ್ರಾಂ, ಬ್ಯಾಟರಿ ಉಳಿಸಲು ಸೌಂಡ್ ಕಾರ್ಡನ್ನು ಮಲಗಿಸುತ್ತದೆ. ಅದು ಏಳುವಷ್ಟರಲ್ಲಿ ಮೊದಲ ಶಬ್ದ ದಾಟಿಹೋಗಿರುತ್ತದೆ. ಇಪ್ಪತ್ತು ವರ್ಷ ಲಿನಕ್ಸ್ ಲ್ಯಾಬ್ ನೋಡಿಕೊಂಡವಳಿಗೆ ಹೊಳೆಯಲಿಲ್ಲ. ಉಳಿದಿದ್ದ ಒಂದಿಷ್ಟು ದನಿಯನ್ನೂ ನಾಲ್ಕು ಸಲ ಖರ್ಚು ಮಾಡಿಸಿದೆ…

ಮಾರ್ಚ್ 16
ಡ್ರೈವರ್‌ನ ಪವರ್ ಸೇವ್ ಸೊನ್ನೆ ಮಾಡಿದೆ, ಕಾರ್ಡ್ ಮಲಗದಂತೆ. ಸರಿಯಾಯಿತು. ಚಾರ್ಜರ್ ಕಿತ್ತೆ — ಮತ್ತೆ ನುಂಗಿತು. ಬ್ಯಾಟರಿ ನೋಡಿಕೊಳ್ಳುವ ಬೇರೊಂದು ಪ್ರೋಗ್ರಾಂ ನನ್ನ ಸೊನ್ನೆಯನ್ನು ಅಳಿಸುತ್ತಿತ್ತು. ಅಲ್ಲೂ ಸೊನ್ನೆ. ಮುಚ್ಚಿ, ತೆರೆದು, ಇಪ್ಪತ್ತು ಸಲ ಕೇಳಿದೆ. ಉಸಿರು. ಉಸಿರು. ಬ್ಯಾಟರಿ ಬೇಗ ಇಳಿಯುತ್ತದೆ. ಇಳಿಯಲಿ.
ನಾಲ್ಕನೇ ಸಲದ ರೆಕಾರ್ಡಿಂಗ್ ಕೊನೆಯಲ್ಲಿ ಅಕ್ಕ ತನ್ನ ಗಂಡನಿಗೆ, ನಮ್ಮ ಮಾಮಾನಿಗೆ, ಪಿಸುಗುಟ್ಟಿದ್ದಾಳೆ: “ಪೂರ್ಣಿ ಬಂದಾಗಿಂದ ಚಾ ಕುಡದಿಲ್ಲರೀ.” ನಾನು ರೇಗಿದ ಹೊತ್ತಿಗೆ.

ಮಾರ್ಚ್ 21
ಅಕ್ಕನನ್ನು ಮನೆಗೆ ಕರೆದೊಯ್ದರು. ಲ್ಯಾಪ್‌ಟಾಪ್ ಜೊತೆ ಒಂದು ಚೀಟಿ ಇಟ್ಟೆ: ತಪ್ಪು ನಿನ್ನದಲ್ಲ ಅಕ್ಕಾ, ನಂದು.

ಮಾರ್ಚ್ 23, ಭಾನುವಾರ
ಬೆಳಿಗ್ಗೆ ಮಾಮಾ ಫೋನ್ ಮಾಡಿದ್ದ. “‘ಉಪ್ಪು ಕಮ್ಮಿ ಆಗೈತಿ’ ಅಂದ್ಲು ನೋಡವಾ. ಉಪ್ಪು ಅನ್ನೂದೂ ಕೇಳಸ್ತು. ಅಡಿಗಿ ನಂದು, ಬೈಸಿಕೊಳ್ಳಾಕ ಭಾಳ ಖುಷಿ ಆತು.”
ಚೀಟಿ ಓದಿದಳೋ ಇಲ್ಲವೋ. ಓದಿದ್ದರೂ ಅರವತ್ತು ವಾಕ್ಯದಲ್ಲಿ ಅದಕ್ಕೆ ಉತ್ತರವೇ ಇಲ್ಲ. ಊಟ, ನೀರು, ನೋವು, ಬಂದವರಿಗೆ ಬರ್ರಿ ಕುಂದರ್ರಿ… ಕ್ಷಮಿಸಿದೆ ಅಂತ ಯಾರು ಹೇಳಿಸಿಟ್ಟುಕೊಳ್ಳುತ್ತಾರೆ?
ಬರೆಯುತ್ತಿರುವಾಗಲೇ ಫೋನ್. ಅಕ್ಕನ ನಂಬರ್. ಮೆಸೇಜ್ ಅಲ್ಲ, ಕಾಲ್. ಅರವತ್ತರಲ್ಲಿ ಯಾವುದನ್ನು ಒತ್ತಲು ಆಕೆ —