ಸೀಟಿನ ಹೊಸ ಕವರ್

ಅಫಜಲಪುರ
12-3-1984

ಗೊಬ್ಬೂರಿನ ಶಾಂತಲಿಂಗಪ್ಪ ಗೌಡರಿಗೆ ಮೆಕ್ಯಾನಿಕ್ ಅಂಬಾರಾಯನ ಶರಣು.

ತಮ್ಮ ತಾಯಿಯವರು ತೀರಿಕೊಂಡದ್ದು ತಿಳಿಯಿತು. ಎದೆನೋವೆಂದು ಆಸ್ಪತ್ರೆಗೆ ಒಯ್ಯುವಾಗ ಕಾರು ಏರಿನಲ್ಲಿ ನಿಂತುಬಿಟ್ಟಿತು, ಕಾರ್ಬೊರೇಟರಿಗೆ ಏನು ಮಾಡಿಟ್ಟಿದ್ದೀ ಎಂದು ಕೇಳಿ ಕಳಿಸಿದ್ದೀರಿ. ಮಾಡಿದ್ದನ್ನೇ ಬರೆಯುತ್ತೇನೆ.

ನಿಮ್ಮ ಅಂಗಳದಲ್ಲಿ ಬಾನೆಟ್ ಎತ್ತಿ, ಕಾರ್ಬೊರೇಟರಿನ ಸ್ಕ್ರೂ ತಿರುಗಿಸಿ, ಎಂಜಿನ್ನಿನ ಸದ್ದು ಒಂದೇ ಸಮ ಬರುವಂತೆ ಸೆಟ್ ಮಾಡಿದೆ. ನಿಂತ ಗಾಡಿಯಲ್ಲಿ ಆಗುವುದು ಅಷ್ಟೇ. ಭಾರ ಹೊತ್ತಾಗ ಪೆಟ್ರೋಲ್ ಸಾಲುತ್ತದೋ ಇಲ್ಲವೋ ತಿಳಿಯಬೇಕಾದರೆ ಏರು ಹತ್ತಿಸಬೇಕು, ಸದ್ದು ಕೇಳುವವನು ಒಳಗೆ ಕೂತಿರಬೇಕು. ಎರಡು ಮೈಲಿ ಹೋಗಿ ಬರೋಣ ಎಂದು ಆವತ್ತೇ ಕೇಳಿದ್ದೆ.

ತಾವು, "ಸೀಟಿಗಿ ಹೊಸಾ ಕವರ್ ಹಾಕ್ಸೀನಲೇ ಅಂಬ್ಯಾ, ಹೊರಗ ನಿಂತು ಎಷ್ಟ್ ಆಗ್ತದ ಅಷ್ಟ್ ಮಾಡು" ಎಂದಿರಿ.

ಕಟ್ಟೆಯ ಮೇಲೆ ಕೂತಿದ್ದ ತಮ್ಮ ತಾಯಿಯವರು ಇನ್ನೂ ಬಿಡಿಸಿ ಹೇಳಿದರು: "ಅವ ಕೂತ ಗಾಡ್ಯಾಗ ನಾ ಕೂಡಂಗಿಲ್ಲ ನೋಡಪಾ."

ಅವರ ಮಾತು ನಡೆಯಿತು. ನಾನು ಕೂರದ ಗಾಡಿಯಲ್ಲೇ ಅವರು ಹೋದರು.

ಬಂದು ರಿಪೇರಿ ಮಾಡು ಎಂದೂ ಹೇಳಿ ಕಳಿಸಿದ್ದೀರಿ. ಗುರುವಾರ ಬರುತ್ತೇನೆ. ಈ ಸಲ ಒಳಗೆ ಕೂತೇ ಟ್ಯೂನಿಂಗ್ ಮಾಡುವುದು. ನಿಂತ ಗಾಡಿಯನ್ನು ತಳ್ಳಿಸಿ ಹಿಂದಿನ ಸೀಟಿನಲ್ಲೇ ಹೆಣ ತಂದಿದ್ದೀರಿ, ಕವರ್ ಹೇಗೂ ತೊಳೆಸಬೇಕಲ್ಲ. ಈಗಲೇ ತೊಳೆಸಬೇಡಿ. ನಾನು ಕೂತು ಇಳಿದ ಮೇಲೆ ಎರಡಕ್ಕೂ ಸೇರಿಸಿ ಒಮ್ಮೆಲೇ ತೊಳೆಸಿದರಾಯಿತು.

ಇಂತಿ,
ಅಂಬಾರಾಯ