ಯಸುನೊ ತುಂಬಿಸಿದ ಕೊನೆಯ ಜಾಡಿ

ಮಿನಾಬೆ
ಜೂನ್ ೨೬

ನನ್ನ ಅಕ್ಕನ ಮಗಳು ಶಿಯೋರಿಗೆ, ಗುಡ್ಡದ ಮೇಲಿನ ಮನೆಯಿಂದ ಸೋದರಮಾವ ಇವಾಕಿಚಿಯ ತುಂಬು ಹರಕೆ.

ಈ ದೇಶದಲ್ಲಿ ಹುಳಿ ಉಮೆ ಕಾಯಿಯಿಂದ ಉಮೆಶು ಎಂಬ ಮದ್ಯ ಮಾಡುವುದನ್ನು ಕಂಡುಹಿಡಿದವನೇ ನಾನು. ಮುನ್ನೂರು ವರ್ಷಗಳಿಂದ ಜನ ಮಾಡುತ್ತಿದ್ದಾರೆಂದು ಪುಸ್ತಕಗಳಲ್ಲಿ ಅಚ್ಚಾಗಿದೆಯಂತೆ. ಅದು ನಾನು ಹುಟ್ಟುವುದು ಸ್ವಲ್ಪ ತಡವಾದದ್ದರಿಂದ ಆದ ಗೊಂದಲ. ಇಂಥ ದೊಡ್ಡ ಮನುಷ್ಯ ನಿನ್ನ ಪತ್ರಕ್ಕೆ ಉತ್ತರ ಬರೆಯಲು ಮೂರು ವಾರ ತೆಗೆದುಕೊಂಡನೆಂದು ಮುನಿಸಿಕೊಳ್ಳಬೇಡ. ಕೊಯ್ಲಿನ ಕಾಲ. ಮರದಡಿಯ ಬಲೆಗಳ ಮೇಲೆ ಹಣ್ಣು ಉದುರುತ್ತಲೇ ಇರುತ್ತದೆ, ದಿನಕ್ಕೆರಡು ಸಲ ಬಗ್ಗಿ ಆರಿಸಬೇಕು. ಬಗ್ಗುವುದು ಈಗಲೂ ಸಲೀಸು, ಏಳುವುದಕ್ಕೇ ತುಸು ಯೋಚಿಸಬೇಕಾಗುತ್ತದೆ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಆಗಸ್ಟ್‌ನಲ್ಲಿ ನಿನ್ನ ಅತ್ತೆ ಯಸುನೊಳ, ಆರು ತುಂಬಿ ಬರುವ ಏಳನೆಯ ವರ್ಷದ ತಿಥಿಗೆ ಹಾಕೊದಾತೆಯಿಂದ ಬರುತ್ತೇನೆ ಎಂದಿದ್ದೀಯ. ಅವಳು ತೀರಿಕೊಳ್ಳುವ ಎರಡು ತಿಂಗಳ ಮೊದಲು ನೀವಿಬ್ಬರೂ ಸೇರಿ ತುಂಬಿಸಿದ ಉಮೆಶು ಜಾಡಿಯನ್ನು ಅಂದು ತೆರೆದು, ಎಲ್ಲರೂ ಒಂದೊಂದು ಬಟ್ಟಲು ಕುಡಿಯೋಣ ಎಂದಿದ್ದೀಯ. "ಅತ್ತೆಯ ಕೈಯದು ಅಂತ ಉಳಿದಿರೋದು ಅದೊಂದೇ, ಅದಕ್ಕೋಸ್ಕರವೇ ಬರ್ತಿದೀನಿ ಮಾವ" ಎಂದು ಬರೆದು, ಜಾಡಿ ಹೇಗಿದೆ ಎಂದು ಎರಡೆರಡು ಸಲ ಕೇಳಿದ್ದೀಯ. ಜಾಡಿ ಕತ್ತಿನವರೆಗೂ ತುಂಬಿದೆ ಕಣಮ್ಮ. ಅರ್ಧ ಬೆರಳೂ ಇಳಿದಿಲ್ಲ. ನೀನು ಅಂಟಿಸಿದ ಚೀಟಿಯೂ ಹಾಗೇ ಇದೆ.

ಈಗ ನನ್ನ ಪ್ರತಾಪ ಕೇಳು. ಬೆಳೆಗಾರರ ಸಂಘದವರು ಈ ವರ್ಷ ಪ್ರವಾಸಿಗರಿಗೆ ಉಮೆಶು ಮಾಡಿಸುವ ತರಗತಿ ಇಟ್ಟಿದ್ದಾರೆ. ಬಂದವರು ತಾವೇ ಒಂದು ಜಾಡಿ ತುಂಬಿಸಿ ಮನೆಗೆ ಒಯ್ಯಬಹುದು. ಕಲಿಸಲು ನೀವೇ ಬರಬೇಕೆಂದು ಸಂಘದ ತಮಾಕಿ ನನ್ನ ಕಾಲಿಗೇ ಬಿದ್ದಳು. ಅವಳ ಬಾಯಿಂದ ಕೇಳಿದರೆ ಮಾತು ಬೇರೆ ಥರ ಇರುತ್ತದೆ: "ಕಲಿಸ್ಬೇಕಾಗಿದ್ದೋರಿಗೆ ಸೊಂಟ ಹಿಡ್ಕೊಂಡಿದೆ. ಬೇರೆ ಯಾರೂ ಸಿಗ್ಲಿಲ್ಲ. ಮಾತು ಕಮ್ಮಿ ಇರ್ಲಿ ಇವಾಕಿಚಿಯವ್ರೇ, ಜನಕ್ಕೆ ಮೂರೂವರೆಗೆ ರೈಲಿದೆ."

ಕಳೆದ ಶನಿವಾರ ಹನ್ನೊಂದು ಜನ ಬಂದರು. ನಮ್ಮ ಉಗ್ರಾಣದಲ್ಲೇ ಮೇಜು ಹಾಕಿದೆವು. ಇಷ್ಟು ಚಪ್ಪಲಿಗಳನ್ನು ನಮ್ಮ ಹೊಸ್ತಿಲು ಕಂಡದ್ದು ನಿನ್ನ ಅತ್ತೆ ತೀರಿಕೊಂಡ ದಿನದಂದೇ ಕೊನೆ. ಹಸಿರು ಕಾಯಿ ತೊಳೆಸಿದೆ, ತೊಟ್ಟಿನ ಕುಳಿಯಲ್ಲಿ ಕೂತಿರುವ ಕಪ್ಪು ಚುಕ್ಕೆಯನ್ನು ಬಿದಿರುಕಡ್ಡಿಯಿಂದ ಎಬ್ಬಿಸುವುದನ್ನು ತೋರಿಸಿದೆ. "ಮಗುವಿನ ಕಿವಿ ಒರೆಸೋ ಹಾಗೆ ಒರೆಸಿ. ಒಂದು ಹನಿ ನೀರು ಉಳಿದ್ರೂ ಬೂಷ್ಟು ಹಿಡಿಯುತ್ತೆ" ಎಂದೆ. ಒಂದು ಪದರ ಕಾಯಿ, ಒಂದು ಪದರ ಕಲ್ಲುಸಕ್ಕರೆ, ಮೇಲಿಂದ ಖಾರವಾದ ಶೋಚು ಸಾರಾಯಿ. ಯಾರೋ ಒಬ್ಬ ಹುಡುಗಿ, "ತಾತ, ನಿಮಗೆ ಇದನ್ನೆಲ್ಲಾ ಯಾರು ಹೇಳ್ಕೊಟ್ರು?" ಎಂದು ಕೇಳಿದಳು. "ನಾನೇ ಹೆಂಡ್ತಿಗೆ ಹೇಳ್ಕೊಟ್ಟಿದ್ದು" ಎಂದೆ. ನಗಬೇಡ. ನಾನು ಆಡಿದ ಒಂದೊಂದು ಮಾತೂ ಯಾರದೆಂದು ನಿನಗೆ ಗೊತ್ತು.

ಕೊನೆಗೆ ರುಚಿ ನೋಡುವ ಸರದಿ ಬಂತು. ತಮಾಕಿ ಕಾರ್ಖಾನೆಯ ಸೀಸೆ ತಂದಿದ್ದಳು. ಒಸಾಕಾದಿಂದ ಬಂದಿದ್ದ ನಿಶಿವಾಕಿ ಎಂಬ ಹೆಂಗಸು, ಅರವತ್ತು ದಾಟಿದ ಗಟ್ಟಿ ಆಸಾಮಿ, ಅದನ್ನು ಕುಡಿದು "ಅಬ್ಬಾ, ಇಂಥದ್ದನ್ನ ಎಲ್ಲೂ ಕುಡಿದಿಲ್ಲ!" ಎಂದು ಕಣ್ಣು ಮುಚ್ಚಿಕೊಂಡಳು. ನನ್ನ ಉಗ್ರಾಣದಲ್ಲಿ ಕೂತು ಕಾರ್ಖಾನೆಯ ಸೀಸೆಗೆ ಕಣ್ಣು ಮುಚ್ಚುವುದೇ? ತಡೆಯಲಾಗಲಿಲ್ಲ. ಹೋಗಿ ಅತ್ತೆಯ ಜಾಡಿ ಎತ್ತಿಕೊಂಡು ಬಂದೆ.

ತಮಾಕಿ ಅಡ್ಡ ಬಂದಳು. "ಬೇಡ ಇವಾಕಿಚಿಯವ್ರೇ. ಮನೆ ಜಾಡಿ ಮನೆಯವರಿಗೆ ಮಾತ್ರ. ಅದು ಕಾನೂನು. ಹೊರಗಿನೋರಿಗೆ ಕೊಟ್ರೆ ನನ್ನ ಕುತ್ತಿಗೆಗೆ ಬರುತ್ತೆ."

"ಹಾಗಾದ್ರೆ ಮೂರೂವರೆ ರೈಲು ಬರೋವರೆಗೂ ಇವರೆಲ್ಲಾ ನನ್ನ ಮನೆಯವರೇ" ಎಂದೆ. ಹನ್ನೊಂದು ಮಂದಿಯೂ ಚಪ್ಪಾಳೆ ತಟ್ಟಿದರು.

ಆರು ವರ್ಷದ್ದು, ನನ್ನವಳ ಕೈಯದು ಎಂದು ಹೇಳಿ ಮೊದಲ ಬಟ್ಟಲನ್ನು ನಿಶಿವಾಕಿಗೇ ಕೊಟ್ಟೆ. ಅವಳು ಒಂದು ಗುಟುಕು ಕುಡಿದು ನನ್ನನ್ನು ನೋಡಿದಳು. ಈ ಸಲ ಕಣ್ಣು ಮುಚ್ಚಲಿಲ್ಲ.

"ಎಷ್ಟು ವರ್ಷದ್ದು ಅಂದ್ರಿ?"

"ಆರು."

"ಯಾರ ಹತ್ರ ಬುರುಡೆ ಬಿಡ್ತೀರಿ ತಾತ? ನಮ್ಮಮ್ಮ ನಲವತ್ತು ವರ್ಷ ಮಾಡಿದೋಳು. ಇದು ಗಂಟಲಲ್ಲಿ ಹಸಿ ಶೋಚು ಥರ ಉರೀತಿದೆ. ಬಣ್ಣಕ್ಕೆ ಅಂತ ಕರಿಬೆಲ್ಲ ಬೇರೆ ಹಾಕಿದೀರಿ. ನಿಮ್ಮ ಯಜಮಾನ್ತಿ ಕರಿಬೆಲ್ಲ ಹಾಕ್ತಿದ್ರಾ?"

"ಹೂಂ, ಹಾಕ್ತಿದ್ಲು" ಎಂದುಬಿಟ್ಟೆ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಅವರಿಗಿಂತ ಜೋರಾಗಿ. ಒಸಾಕಾದವರಿಗೆ ಬಾಯಿಯಿದೆ, ನಾಲಿಗೆಯಿಲ್ಲ ಎಂದೆ. ಅವಳು, "ಮಿನಾಬೆಯವರಿಗೆ ಎರಡೂ ಇದೆ, ಸುಳ್ಳು ಹೇಳಿದ್ರೆ ಮುಖವೇ ಕೆಂಪಾಗುತ್ತೆ" ಎಂದಳು. ಮತ್ತೆ ನಕ್ಕರು.

ಶಿಯೋರಿ, ನಿನ್ನ ಅತ್ತೆ ಕರಿಬೆಲ್ಲವನ್ನು ಉಗ್ರಾಣದೊಳಕ್ಕೇ ಬಿಡುತ್ತಿರಲಿಲ್ಲ. ನಿನ್ನ ಮುಂದೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾರೆ. ಆ ಜಾಡಿಯಿಂದ ನಾನು ಮೂರು ಬಟ್ಟಲು ತೆಗೆದಿದ್ದೇನೆ. ಮೂರೇ. ಹೊಸ ವರ್ಷಕ್ಕೊಂದು, ನೆಗಡಿ ಬಂದಾಗ ಎರಡು. ಕಡಿಮೆಯಾದಷ್ಟು ತುಂಬಿಸಿದ್ದೇನೆ. ಮೂರು ಬಟ್ಟಲಿಗೆ ಅಷ್ಟು ಮಾತಾಡಿದಳು ನೋಡು ಆ ಹೆಂಗಸು.

ಮೂರು ಗಂಟೆಗೆ ಎಲ್ಲರೂ ತಂತಮ್ಮ ಜಾಡಿಯನ್ನು ಬಟ್ಟೆಯಲ್ಲಿ ಕಟ್ಟಿ, ಕೂಸಿನ ಹಾಗೆ ಎದೆಗವಚಿಕೊಂಡು ಇಳಿಜಾರಿನಲ್ಲಿ ಹೊರಟರು. ನಿಶಿವಾಕಿ ಮಾತ್ರ ಬಾಗಿಲಲ್ಲಿ ನಿಂತಳು. ಆಗ ಅವಳ ದನಿಯಲ್ಲಿ ಗೇಲಿ ಇರಲಿಲ್ಲ.

"ತಾತ, ನಾನೂ ನಮ್ಮಮ್ಮನ ಕೊನೇ ಜಾಡಿನ ಹೀಗೇ ದಿನಾ ಕುಡಿದು ಮುಗಿಸ್ದೆ. ತಪ್ಪೇನಲ್ಲ ಬಿಡಿ. ಆದ್ರೆ ಮತ್ತೆ ತುಂಬಿಸೋಕೆ ಹೋಗ್ಲಿಲ್ಲ. ಖಾಲಿ ಜಾಡಿನೇ ಅಮ್ಮಂದು ಅಂತ ಇಟ್ಕೊಂಡಿದೀನಿ."

"ನಿಮಗೆ ರೈಲು ತಪ್ಪುತ್ತೆ" ಎಂದೆ ನಾನು.

ಹನ್ನೊಂದು ಏಪ್ರನ್ ಒಗೆದು ಹರವಿದೆ. ಮೇಜು ಒರೆಸಿದೆ. ಮಾತಾಡಲು ಯಾರೂ ಇಲ್ಲದಿದ್ದರೆ ಕೆಲಸ ಬೇಗ ಮುಗಿಯುತ್ತದೆ, ಅದೊಂದು ಲಾಭ. ತಮಾಕಿ ಮುಂದಿನ ಶನಿವಾರವೂ ಬನ್ನಿ ಎಂದಿದ್ದಾಳೆ. "ಜನಕ್ಕೆ ನೀವು ಇಷ್ಟ ಆಗಿದೀರಿ, ಯಾಕಂತ ನಂಗೊತ್ತಿಲ್ಲ" ಎಂದಳು. ಮನೆ ಜಾಡಿ ಮುಟ್ಟಬಾರದೆಂಬ ಕರಾರಿನ ಮೇಲೆ ಒಪ್ಪಿದ್ದೇನೆ.

ನಿನ್ನ ಗಂಡನ ಮೊಣಕೈ ವಾಸಿಯಾಯಿತೇ? ಈ ಸಲ ಅವನನ್ನೂ ಕರೆದು ತಾ. ಮೂರು ರಾತ್ರಿಯಾದರೂ ಇರು, ಹೋದ ಸಲದಂತೆ ಚೀಲ ಬಿಚ್ಚದೆ ಓಡಬೇಡ. ಹೋದ ಸಲ ಎಂದರೆ ಐದು ವರ್ಷವಾಯಿತು. ಹಾಸಿಗೆಗಳನ್ನು ಈಗಲೇ ಬಿಸಿಲಿಗೆ ಹಾಕಿದ್ದೇನೆ, ಮಳೆ ಬಿಡುವು ಕೊಟ್ಟಾಗಲೆಲ್ಲ ಮತ್ತೆ ಹಾಕುತ್ತೇನೆ. ನೀನು ಹೋದ ಕಡೆಯೆಲ್ಲ ನಿನ್ನ ನಗು ನಿನಗಿಂತ ಮುಂದೆ ಹೋಗಲಿ, ನಿನ್ನ ಕೈ ಹಾಕಿದ್ದು ಯಾವುದೂ ಕೆಡದಿರಲಿ ಎಂದು ನನ್ನ ಹಾರೈಕೆ.

ನಿನ್ನ ಸೋದರಮಾವ
ಇವಾಕಿಚಿ

ಮರೆತ ಮಾತು: ಮರೆತದ್ದಲ್ಲ. ಮೂರು ಬಟ್ಟಲು ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕು.

ಮೊದಲ ವರ್ಷ ಬರೀ ಮುಚ್ಚಳ ತೆಗೆದು, ಮೂಸಿ, ಮುಚ್ಚುತ್ತಿದ್ದೆ. ಮರುವರ್ಷದ ಜೂನ್‌ನಲ್ಲಿ ಒಂದು ಸಂಜೆ, ಐದು ಗಂಟೆಗೆ ಊರಿನ ಧ್ವನಿವರ್ಧಕದಲ್ಲಿ ದಿನವೂ ಹಾಕುವ ಹಾಡು ಬಂತು. ಅವಳು ತೋಟದಿಂದ ಬರುವ ಹೊತ್ತು. ಒಂದು ಬಟ್ಟಲು ತೆಗೆದೆ. ಅವಳೇ ಬಂದು ಕೂತಂತಾಯಿತು. ಜಾಡಿಯಲ್ಲಿ ಮಟ್ಟ ಇಳಿದದ್ದು ನೋಡಿ ಅಷ್ಟೇ ಶೋಚು ಸುರಿದೆ. ಮರುದಿನವೂ ಹಾಗೇ. ಅದರ ಮರುದಿನವೂ. ಒಂದು ಸಂಜೆಯೂ ಬಿಟ್ಟಿಲ್ಲ. ರುಚಿ ದಿನಕ್ಕೆ ಇಷ್ಟಿಷ್ಟೇ ಹೋಗುತ್ತಿತ್ತು, ಆದ್ದರಿಂದ ಪೂರ್ತಿ ಹೋದದ್ದು ಯಾವ ದಿನವೆಂದು ನನಗೆ ತಿಳಿಯಲಿಲ್ಲ. ಹುಳಿ ಸಾಲದಾದಾಗ ಹೊಸ ಕಾಯಿ ಹಾಕಿದೆ. ಬಣ್ಣ ಮಾಸಿದಾಗ ಕರಿಬೆಲ್ಲ.

ನೀನು ಬರುವುದು ಆ ಜಾಡಿಗೋಸ್ಕರ ಎಂದು ಬರೆದಿದ್ದೀಯ. ಅದಕ್ಕೇ ಮೂರು ವಾರ ಬರೆಯಲಿಲ್ಲ. ಕೊಯ್ಲಿನ ಕೆಲಸದಿಂದಲ್ಲ. ಜಾಡಿಯಿಲ್ಲದಿದ್ದರೂ ಬರುತ್ತೀಯಾ ಎಂದು ಕೇಳುವ ಧೈರ್ಯ ನನಗಿಲ್ಲ, ಆದ್ದರಿಂದ ಕೇಳುತ್ತಿಲ್ಲ.

ಅಂದು ನಿನ್ನ ಅತ್ತೆ ಅದಕ್ಕೆ ಸುರಿದದ್ದು ಒಂದು ಕಾಗದದ ಡಬ್ಬ ಶೋಚು. ನೀನೇ ಡಬ್ಬದ ಮೂತಿ ಕತ್ತರಿಸಿ ಕೊಟ್ಟಿದ್ದೆ. ನಾನು ಸುರಿದು ಕುಡಿದ ಡಬ್ಬಗಳನ್ನು ಚಪ್ಪಟೆ ಮಾಡಿ ಉಗ್ರಾಣದ ಹಿಂದೆ ಕಟ್ಟಿಟ್ಟಿದ್ದೆ. ನಿನ್ನೆ ಬಿಚ್ಚಿ ಎಣಿಸಿದೆ. ಮೂವತ್ತು.